ನೆನಪಿನ ಕಣಜಗಳ ಕಾಲ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಇನ್ನೂ ಹಣ್ಣಿನ ತೋಟಗಳ ಊರಾಗಿದ್ದ ದಿನಗಳವು. ಅಲ್ಲಿ 1952ರಲ್ಲಿ ಐಬಿಎಂ ಕಂಪನಿ ಒಂದು ಸಣ್ಣ ಪ್ರಯೋಗಾಲಯ ತೆರೆದು, ಅದರ ಯಜಮಾನಿಕೆಯನ್ನು ರೆನಾಲ್ಡ್ ಜಾನ್ಸನ್ ಅವರಿಗೆ ವಹಿಸಿತು. ಜಾನ್ಸನ್ ಹಿಂದೆ ಶಾಲಾ ಮೇಷ್ಟರಾಗಿದ್ದವರು. ಮಕ್ಕಳ ಉತ್ತರಪತ್ರಿಕೆಯ ಪೆನ್ಸಿಲ್ ಗುರುತುಗಳನ್ನು ತಾನೇ ಓದಿ ಅಂಕ ಹಾಕುವ ಯಂತ್ರ ಕಟ್ಟಿ, ಆ ಬಲದಿಂದ ಐಬಿಎಂ ಸೇರಿದ್ದವರು. ಅವರ ಪ್ರಯೋಗಾಲಯದಿಂದ 1956ರ ಸೆಪ್ಟೆಂಬರಿನಲ್ಲಿ ಒಂದು ಟನ್ನಿಗೂ ಮಿಗಿಲಾಗಿ ತೂಗುವ ಪೆಟ್ಟಿಗೆಯೊಂದು ಲೋಕದ ಮುಂದೆ ಬಂತು. ಎರಡು ಅಡಿ ಅಗಲದ 50 ತಟ್ಟೆಗಳು ಒಂದೇ ಕಂಬಕ್ಕೆ ಪೋಣಿಸಿಕೊಂಡು ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದವು. ಓದುವ ಕೈ ಮೇಲೆ ಕೆಳಗೆ ಓಡಾಡಿ, ಬೇಕಾದ ತಟ್ಟೆಯ ಮಟ್ಟದಲ್ಲಿ ನಿಂತು, ಒಳಕ್ಕೆ ಸರಿದು ಅಕ್ಷರಗಳನ್ನು ಹೆಕ್ಕುತ್ತಿತ್ತು. ರಾಮ್ಯಾಕ್ ಎಂಬ ಗಣಕದ ಜೊತೆ ಬಂದ ಈ ಡಿಸ್ಕು ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. 80 ಅಕ್ಷರದ ಪಂಚ್ ಕಾರ್ಡುಗಳ ಲೆಕ್ಕದಲ್ಲಿ 62,500 ಕಾರ್ಡು.

ಅದುವರೆಗೆ ವ್ಯಾಪಾರದ ಲೆಕ್ಕವನ್ನು ಕಾರ್ಡುಗಳಲ್ಲಿ ಕೂಡಿಹಾಕಿ, ವಿಂಗಡಿಸಿ, ಮೊದಲ ಕಾರ್ಡಿನಿಂದ ಕೊನೆಯ ಕಾರ್ಡಿನವರೆಗೆ ಒಂದೇ ಸಮನೆ ಓಡಿಸಬೇಕಿತ್ತು. ಈಗ ಖಾತೆ ಪುಸ್ತಕದ ಯಾವ ಪುಟವನ್ನಾದರೂ ಬೇಕೆಂದಾಗ ತೆರೆದ ಹಾಗೆ, ಯಾವ ಗಿರಾಕಿಯ ಬಾಕಿಯನ್ನಾದರೂ ಸೆಕೆಂಡಿನ ಆಸುಪಾಸಿನಲ್ಲಿ ತೆಗೆದು ನೋಡಬಹುದಾಯಿತು. ಯಂತ್ರಕ್ಕೆ ನೆನಪಿನ ಕಣಜ ಸಿಕ್ಕಿತು.

ಕಣಜದ ಜೊತೆಗೇ ಒಂದು ನಂಬಿಕೆಯೂ ಹುಟ್ಟಿತು. ಡಿಸ್ಕು ಒಂದೇ ಗಟ್ಟಿ ವಸ್ತು, ಅದು ನನ್ನ ಪಕ್ಕದಲ್ಲೇ ಇದೆ, ಅದು ನನ್ನೊಬ್ಬನದೇ, ಅದು ಹೇಳಿಕೊಂಡಷ್ಟು ಜಾಗ ಅದರಲ್ಲಿ ನಿಜಕ್ಕೂ ಇದೆ. ಗಣಕ ತನ್ನ ಡಿಸ್ಕಿನ ಬಗ್ಗೆ ಈ ನಾಲ್ಕು ಮಾತುಗಳನ್ನು ನಂಬಿತು. ಆಗ ನಾಲ್ಕೂ ದಿಟವೇ ಆಗಿದ್ದವು. ಮುಂದಿನ ಅರ್ಧ ಶತಮಾನದಲ್ಲಿ ಎಂಜಿನಿಯರುಗಳು ಅವನ್ನು ಒಂದೊಂದಾಗಿ ಸುಳ್ಳು ಮಾಡುತ್ತ ಹೋದರು. ಗಣಕಕ್ಕೆ ಮಾತ್ರ ಸುಳಿವು ಹತ್ತದಂತೆ ನೋಡಿಕೊಂಡರು. ಸ್ಟೋರೇಜ್ ಏರಿಯಾ ನೆಟ್‌ವರ್ಕ್ ಎಂದು ಕಾಗದದಲ್ಲೂ ಸ್ಯಾನ್ ಎಂದು ಬಾಯಿಮಾತಿನಲ್ಲೂ ಕರೆಯಲಾದ ವ್ಯವಸ್ಥೆಯ ಚರಿತ್ರೆಯೆಂದರೆ ಆ ಗುಟ್ಟನ್ನು ಕಾಪಾಡಿಕೊಂಡು ಬಂದವರ ಚರಿತ್ರೆ.

ತಾಮ್ರದ ಹಗ್ಗ

1964ರಲ್ಲಿ ಐಬಿಎಂ ಸಿಸ್ಟಂ/360 ಎಂಬ ಗಣಕವಂಶವನ್ನು ಹೊರತಂದಾಗ ಗಣಕಕ್ಕೂ ಡಿಸ್ಕಿಗೂ ನಡುವಿನ ದಾರಿಗೆ ಚಾನೆಲ್ ಎಂಬ ಹೆಸರು ನೆಲೆಯಾಯಿತು. ಆ ದಾರಿ ತಾಮ್ರದ್ದು. ಬಸ್ ಮತ್ತು ಟ್ಯಾಗ್ ಎಂಬ ಜೋಡಿ ಕೇಬಲ್ಲುಗಳು ತೇರಿನ ಹಗ್ಗದಂತೆ ದಪ್ಪಗೆ, ಬಗ್ಗದೆ, ಗಣಕಶಾಲೆಯ ಎತ್ತರಿಸಿದ ನೆಲದಡಿಯಲ್ಲಿ ಹಾವುಗಳಂತೆ ಮಲಗಿರುತ್ತಿದ್ದವು. ಹಲವು ತಂತಿಗಳಲ್ಲಿ ಸಂಕೇತಗಳು ಒಟ್ಟೊಟ್ಟಿಗೆ ಹೊರಟು ಒಟ್ಟೊಟ್ಟಿಗೇ ತಲುಪಬೇಕಿತ್ತು. ದಾರಿ ಉದ್ದವಾದಷ್ಟೂ ಒಂದು ಮುಂದಾಗಿ ಇನ್ನೊಂದು ಹಿಂದಾಗಿ ಲಯ ತಪ್ಪುತ್ತಿತ್ತು. ಹೀಗಾಗಿ ಕಣಜ ಯಜಮಾನನ ಕೂಗಳತೆಯಲ್ಲೇ ಉಳಿಯಬೇಕಾಯಿತು.

ಸಣ್ಣ ಗಣಕಗಳ ಲೋಕಕ್ಕೆ ಇದೇ ಕೆಲಸ ಮಾಡಿಕೊಟ್ಟದ್ದು ಸ್ಕಸಿ. ಅಲನ್ ಶುಗಾರ್ಟ್ ಹುಟ್ಟುಹಾಕಿದ ಶುಗಾರ್ಟ್ ಅಸೋಸಿಯೇಟ್ಸ್ ಕಂಪನಿಯಲ್ಲಿ ಲ್ಯಾರಿ ಬೌಚರ್ ಮತ್ತು ಸಂಗಡಿಗರು 1970ರ ದಶಕದ ಕೊನೆಯಲ್ಲಿ ರೂಪಿಸಿದ ಜೋಡಣೆಯೊಂದು ಹಲವು ಕೈ ದಾಟಿ, 1986ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವಾಯಿತು. ಅದಕ್ಕೂ ತಾಮ್ರದ ಮಿತಿಯೇ: ಸಾಮಾನ್ಯ ಕೇಬಲ್ಲು 6 ಮೀಟರ್, ವಿಶೇಷದ್ದು 25 ಮೀಟರ್, ಒಂದು ಸಾಲಿನಲ್ಲಿ ಎಲ್ಲ ಸೇರಿ ಎಂಟೇ ಉಪಕರಣ. ಆದರೆ ಸ್ಕಸಿಯ ಹೆಚ್ಚುಗಾರಿಕೆ ಕೇಬಲ್ಲಿನಲ್ಲಿರಲಿಲ್ಲ, ಅದು ಕಲಿಸಿದ ಭಾಷೆಯಲ್ಲಿತ್ತು. ಅದಕ್ಕೆ ಮೊದಲು ಗಣಕ ತನ್ನ ಡಿಸ್ಕಿನ ಅಂಗಾಂಗ ಅರಿತಿರಬೇಕಿತ್ತು; ಎಷ್ಟನೆಯ ತಟ್ಟೆ, ಎಷ್ಟನೆಯ ವರ್ತುಲ ಎಂದು ಬೊಟ್ಟು ಮಾಡಿ ಹೇಳಬೇಕಿತ್ತು. ಸ್ಕಸಿ ಬಂದ ಮೇಲೆ ‘ಇಂಥ ಸಂಖ್ಯೆಯ ಬ್ಲಾಕಿನಿಂದ ಇಷ್ಟು ಬ್ಲಾಕು ಓದು’ ಎಂದರೆ ಸಾಕಾಯಿತು. ಆ ಬ್ಲಾಕು ಯಾವ ಮೂಲೆಯಲ್ಲಿದೆ ಎಂಬುದು ಡಿಸ್ಕಿನ ಮನೆವಾರ್ತೆ. ಕೇಳುವವರ ಕಣ್ಣಿಗೆ ಅಲ್ಲಿಂದಾಚೆ ಪರದೆ ಬಿತ್ತು. ಮುಂದಿನ ಎಲ್ಲ ನಾಟಕ ನಡೆದದ್ದು ಆ ಪರದೆಯ ಹಿಂದೆ.

1990ರ ದಶಕಕ್ಕೆ ಕಾಲಿಡುವ ಹೊತ್ತಿಗೆ ಕಚೇರಿಗಳಲ್ಲಿ ಸರ್ವರುಗಳು ನಾಯಿಕೊಡೆಗಳಂತೆ ಎದ್ದವು. ಒಂದೊಂದರ ಬೆನ್ನಿಗೂ ಅದರದೇ ಡಿಸ್ಕು. ಸಂಬಳ ಬರೆಯುವ ಸರ್ವರಿನ ಕಣಜ ಉಕ್ಕಿ ಹರಿಯುತ್ತಿದ್ದರೆ, ಮಗ್ಗುಲಲ್ಲೇ ಪತ್ರ ಸಾಗಿಸುವ ಸರ್ವರಿನ ಕಣಜ ಮುಕ್ಕಾಲು ಖಾಲಿ. ಒಬ್ಬರ ಬಿಡುವು ಇನ್ನೊಬ್ಬರ ಇಕ್ಕಟ್ಟಿಗೆ ಒದಗದು. ರಾತ್ರಿ ಇಡೀ ಕಚೇರಿಯ ಡೇಟಾವನ್ನು ಟೇಪಿಗೆ ಇಳಿಸಹೊರಟರೆ, ಬೆಳಗ್ಗೆ ಜನ ಬಂದು ಕುಳಿತರೂ ಕೆಲಸ ಮುಗಿದಿರುತ್ತಿರಲಿಲ್ಲ. ಒಟ್ಟು ಕುಟುಂಬದ ಒಂದೇ ಕಣಜ ಬೇಕೆಂಬ ಮಾತು ಎದ್ದದ್ದು ಬಡತನದಿಂದಲ್ಲ. ಸಿರಿಯ ನಡುವಿನ ಈ ಪೋಲಿನಿಂದ.

ಒಡೆದರೂ ಒಂದಾಗಿ ಕಂಡದ್ದು

ಮೊದಲು ಸುಳ್ಳಾದದ್ದು ‘ಡಿಸ್ಕು ಒಂದೇ ಗಟ್ಟಿ ವಸ್ತು’ ಎಂಬ ಮಾತು.

1978ರಲ್ಲೇ ಐಬಿಎಂನ ನಾರ್ಮನ್ ಕೆನ್ ಔಚಿ ಅವರು, ಕೆಟ್ಟುಹೋದ ಘಟಕದಲ್ಲಿದ್ದ ಮಾಹಿತಿಯನ್ನು ಉಳಿದ ಘಟಕಗಳಿಂದ ಮರಳಿ ಕಟ್ಟುವ ಉಪಾಯಕ್ಕೆ ಪೇಟೆಂಟ್ ಪಡೆದಿದ್ದರು. ಹತ್ತು ವರ್ಷಗಳ ನಂತರ, 1988ರಲ್ಲಿ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಜ್ ಶಿಕಾಗೋದ ಸಮ್ಮೇಳನದಲ್ಲಿ ಒಂದು ಪ್ರಬಂಧ ಮಂಡಿಸಿದರು. ದೊಡ್ಡ ಗಣಕಗಳ ದುಬಾರಿ ಡಿಸ್ಕಿನ ಬದಲು ಪಿಸಿಗಳ ಅಗ್ಗದ ಡಿಸ್ಕುಗಳನ್ನೇ ಸಾಲಾಗಿ ಕಟ್ಟಿ ದುಡಿಸಬಾರದೇಕೆ ಎಂದು ಅವರ ವಾದ. ಅದರ ಸಂಕಟವನ್ನೂ ಅವರೇ ಲೆಕ್ಕ ಹಾಕಿ ತೋರಿಸಿದರು. ಒಂದು ಡಿಸ್ಕು ಸರಾಸರಿ 30,000 ಗಂಟೆ ಬಾಳುವುದಾದರೆ, ನೂರು ಡಿಸ್ಕುಗಳ ಸಾಲಿನಲ್ಲಿ 300 ಗಂಟೆಗೊಂದು ಕೆಡಬೇಕು. ಅಂದರೆ ಎರಡು ವಾರ ತುಂಬುವ ಮೊದಲೇ ಮನೆಯಲ್ಲೊಂದು ಸೂತಕ.

ಪರಿಹಾರ ಶೆಟ್ಟರ ಅಂಗಡಿಯ ಚೀಟಿಯಷ್ಟು ಸರಳ. ನಾಲ್ಕು ಸಾಮಾನಿನ ಬೆಲೆಯನ್ನು ಒಂದರ ಕೆಳಗೊಂದು ಬರೆದು, ಕೊನೆಗೆ ಮೊತ್ತ ಹಾಕಿದ್ದಾರೆ ಎನ್ನಿ. ನಡುವಿನ ಒಂದು ಸಾಲು ಎಣ್ಣೆ ಕುಡಿದು ಅಳಿಸಿಹೋದರೂ ಮೊತ್ತದಿಂದ ಉಳಿದ ಮೂರನ್ನು ಕಳೆದರೆ ಅಳಿಸಿದ್ದು ಸಿಗುತ್ತದೆ. ಡಿಸ್ಕುಗಳ ಸಾಲಿನಲ್ಲಿ ಹೀಗೆ ಮೊತ್ತವನ್ನೂ ಬರೆದಿಟ್ಟರೆ, ಒಂದು ಸತ್ತರೂ ಅದರಲ್ಲಿದ್ದುದು ಸಾಯುವುದಿಲ್ಲ. ರೈಡ್ ಎಂದು ಹೆಸರಾದ ಈ ಕ್ರಮದಲ್ಲಿ ಸರ್ವರಿಗೆ ಕಾಣುವುದು ಒಂದೇ ಡಿಸ್ಕು. ಪರದೆಯ ಹಿಂದೆ ಹಲವು ಡಿಸ್ಕುಗಳು ಹೆಗಲು ಬದಲಿಸುತ್ತಿರುತ್ತವೆ.

ಇದನ್ನು ಸಂತೆಗೆ ತಂದು ಗೆದ್ದವರಲ್ಲಿ ಮುಂದಾದದ್ದು ಮ್ಯಾಸಚೂಸೆಟ್ಸಿನ ಇಎಂಸಿ. 1979ರಲ್ಲಿ ರಿಚರ್ಡ್ ಈಗನ್ ಮತ್ತು ರೋಜರ್ ಮರೀನೊ ಕಟ್ಟಿದ ಆ ಕಂಪನಿ, ಮೋಶೆ ಯಾನೈ ಅವರ ಮುಂದಾಳ್ತನದಲ್ಲಿ ರೂಪುಗೊಂಡ ಸಿಮೆಟ್ರಿಕ್ಸ್ ಎಂಬ ಬೀರುವನ್ನು 1990ರಲ್ಲಿ ಬಿಡುಗಡೆ ಮಾಡಿತು. ಐಬಿಎಂ ಗಣಕಗಳಿಗೆ ಅದು ಐಬಿಎಂನದೇ ದೊಡ್ಡ ಡಿಸ್ಕಿನಂತೆ ತೋರುತ್ತಿತ್ತು. ಒಳಗೆ ಇದ್ದವು ಐದೂಕಾಲು ಅಂಗುಲದ ಅಗ್ಗದ ಡಿಸ್ಕುಗಳು, ಅವುಗಳ ಮುಂದೆ ಒಂದು ದೊಡ್ಡ ಕ್ಯಾಶೆ. ಪದೇ ಪದೇ ಕೇಳುವುದನ್ನು ಡಿಸ್ಕಿನವರೆಗೆ ಹೋಗದೆ ಬಾಗಿಲಲ್ಲೇ ಎತ್ತಿಕೊಡುವ ಏರ್ಪಾಡು ಅದು. ಮೊದಲ ಬೀರುವಿನ ಅಳವು 24 ಗಿಗಾಬೈಟ್. ಕೆಲವೇ ವರ್ಷಗಳಲ್ಲಿ, ದಶಕಗಳಿಂದ ಐಬಿಎಂ ಆಳಿದ್ದ ಸೀಮೆಯಲ್ಲಿ ಇಎಂಸಿಯ ಡಂಗುರ ಕೇಳತೊಡಗಿತು.

ಬೆಳಕಿನ ದಾರಿ

ಎರಡನೆಯ ಮಾತು ‘ಅದು ನನ್ನ ಪಕ್ಕದಲ್ಲೇ ಇದೆ’ ಎಂಬುದು. ಇದನ್ನು ಅಲುಗಿಸುವ ತಾಲೀಮು ಮೊದಲೇ ನಡೆದಿತ್ತು. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ 1983ರಲ್ಲಿ ವ್ಯಾಕ್ಸ್ ಕ್ಲಸ್ಟರ್ ಹೊರತಂದು, ಹಲವು ಗಣಕಗಳು ಒಂದೇ ಡಿಸ್ಕು ಸಮೂಹವನ್ನು ಹಂಚಿಕೊಂಡು ಬಾಳಬಹುದೆಂದು ತೋರಿಸಿತ್ತು. 1990ರಲ್ಲಿ ಐಬಿಎಂ ತಾಮ್ರದ ಹಗ್ಗವನ್ನು ಕಳಚಿ ಎಸ್ಕಾನ್ ಎಂಬ ಗಾಜಿನ ಎಳೆಯನ್ನು ತೊಡಿಸಿತು. ಎಳೆಯಲ್ಲಿ ಬೆಳಕು, ನಡುವೆ ದಾರಿ ತಿರುಗಿಸುವ ಡೈರೆಕ್ಟರ್ ಎಂಬ ಯಂತ್ರ. ಕಣಜವನ್ನು ಕಿಲೋಮೀಟರುಗಳಾಚೆ ಇಡಬಹುದಾಯಿತು. ಆದರೆ ವ್ಯಾಕ್ಸ್ ಕ್ಲಸ್ಟರು ಡಿಜಿಟಲ್‌ನ ಅಂಗಳದ ಬಾವಿ, ಎಸ್ಕಾನ್ ಐಬಿಎಂನ ಅಂಗಳದ್ದು. ಊರಬಾವಿ ಬೇಕಿತ್ತು.

ಅದನ್ನು ತೋಡಲು ಕುಳಿತದ್ದು ಒಂದು ಸಮಿತಿ. ಅಮೆರಿಕದ ಮಾನಕ ಸಂಸ್ಥೆಯ ಆಶ್ರಯದಲ್ಲಿ, ಪೈಪೋಟಿಯ ಕಂಪನಿಗಳ ಎಂಜಿನಿಯರುಗಳು 1988ರಲ್ಲಿ ಶುರುಮಾಡಿದ ಕೆಲಸ 1994ರಲ್ಲಿ ಫೈಬರ್ ಚಾನೆಲ್ ಎಂಬ ಮಾನಕವಾಗಿ ಹೊರಬಿತ್ತು. ಗಾಜಿನ ಎಳೆಗೆಂದು ಶುರುವಾದದ್ದು ತಾಮ್ರದಲ್ಲೂ ಓಡಬಲ್ಲದೆಂದು ಕಂಡಾಗ, ಅಮೆರಿಕನ್ನರಾಗಿದ್ದೂ ಅವರು ‘ಫೈಬರ್’ ಪದಕ್ಕೆ ಬ್ರಿಟಿಷ್ ಕಾಗುಣಿತವನ್ನು ಆರಿಸಿಕೊಂಡರು. ಕಾಗುಣಿತ ಬೇರೆಯಾದರೆ ಅರ್ಥವೂ ಕೊಂಚ ಬೇರೆ ಎಂಬ ಜಾಣ್ಮೆ.

ಹಲವು ತಂತಿಗಳ ಜಾಗದಲ್ಲಿ ಈಗ ಒಂದೇ ಎಳೆ. ಬಿಟ್ಟುಗಳು ಒಂದರ ಹಿಂದೊಂದು, ಸೆಕೆಂಡಿಗೆ 106 ಕೋಟಿಗೂ ಮೇಲೆ. ಬಿಟ್ಟುಗಳ ಸಾಲಿನಲ್ಲಿ ಸೊನ್ನೆಗಳೇ ಬಂದರೆ ಆಚೆಯವರಿಗೆ ತಾಳ ತಪ್ಪುತ್ತದೆ. ಆದ್ದರಿಂದ ಎಂಟು ಬಿಟ್ಟುಗಳನ್ನು ಹತ್ತಾಗಿ ಹೆಣೆದು, ಸೊನ್ನೆ ಒಂದುಗಳನ್ನು ತಕ್ಕಡಿಯಲ್ಲಿ ತೂಗಿದಂತೆ ಸಮ ಮಾಡುವ ಸಂಕೇತವನ್ನು ಬಳಸಿದರು. ಐಬಿಎಂನ ಆಲ್ಬರ್ಟ್ ವಿಡ್ಮರ್ ಮತ್ತು ಪೀಟರ್ ಫ್ರಾನಾಸೆಕ್ 1983ರಲ್ಲೇ ಪ್ರಕಟಿಸಿದ್ದ ಉಪಾಯ ಅದು. ಹತ್ತರಲ್ಲಿ ಎರಡು ಪಾಲು ಸುಂಕ ತೆತ್ತು, ನೂರು ಮೆಗಾಬೈಟ್ ವೇಗ ಪಡೆದರು.

ಇನ್ನೊಂದು ಉಪಾಯ ಇನ್ನೂ ಸೊಗಸಿನದು. ಸಾಧಾರಣ ನೆಟ್‌ವರ್ಕು ಇಕ್ಕಟ್ಟಾದಾಗ ಮಾತನ್ನು ದಾರಿಯಲ್ಲೇ ಚೆಲ್ಲುತ್ತದೆ. ಕಳಿಸಿದವರು ಮತ್ತೆ ಕಳಿಸಬೇಕು. ಮಗ್ಗುಲಲ್ಲೇ ಇರುವ ಡಿಸ್ಕು ಹಾಗೆ ಮಾತು ಚೆಲ್ಲುವುದುಂಟೆ? ಚೆಲ್ಲಿದರೆ ಗುಟ್ಟು ಬಯಲಾದಂತೆ. ಆದ್ದರಿಂದ ಫೈಬರ್ ಚಾನೆಲ್ಲಿನವರು ಪತ್ತಿನ ವ್ಯವಹಾರ ತಂದರು. ಪರಿಚಯವಾದ ಗಳಿಗೆಯಲ್ಲೇ ಆಚೆಯವರು ‘ನನ್ನಲ್ಲಿ ಇಷ್ಟು ಪೊಟ್ಟಣಕ್ಕೆ ಜಾಗವಿದೆ’ ಎಂದು ಪತ್ತು ಬರೆದುಕೊಡುತ್ತಾರೆ. ಒಂದು ಕಳಿಸಿದರೆ ಒಂದು ಪತ್ತು ಖರ್ಚು. ಆಚೆ ಜಾಗ ತೆರವಾದಾಗ ಒಂದು ಪತ್ತು ವಾಪಸು. ಪತ್ತು ತೀರಿದವರು ಕಾಯಬೇಕು, ಕಡ ಕೇಳುವಂತಿಲ್ಲ. ಚೆಲ್ಲುವ ಪ್ರಮೇಯವೇ ಬಾರದು.

ದೂರ ಹೆಚ್ಚಿದಾಗ ಈ ಪತ್ತಿನ ಲೆಕ್ಕವೇ ದಾರಿಯ ಅಳತೆಗೋಲಾಯಿತು. ಬೆಳಕು ಗಾಜಿನಲ್ಲಿ ಕಿಲೋಮೀಟರಿಗೆ ಸುಮಾರು ಐದು ಮೈಕ್ರೊಸೆಕೆಂಡು ತೆಗೆದುಕೊಳ್ಳುತ್ತದೆ. ನೂರು ಮೆಗಾಬೈಟ್ ವೇಗದಲ್ಲಿ, ತುಂಬಿದ ಒಂದು ಪೊಟ್ಟಣದ ತಲೆಗೂ ಬಾಲಕ್ಕೂ ನಡುವೆ ಎಳೆಯ ಮೇಲೆ ಸರಿಸುಮಾರು ನಾಲ್ಕು ಕಿಲೋಮೀಟರು. ಹೋಗಿ ಬರುವ ದಾರಿಯನ್ನೆಲ್ಲ ಇಂಥ ಪೊಟ್ಟಣಗಳಿಂದ ತುಂಬಿಡಲು ನೂರು ಕಿಲೋಮೀಟರಿಗೆ ಐವತ್ತು ಪತ್ತು ಬೇಕು. ಕಡಿಮೆ ಪತ್ತು ಕೊಟ್ಟವರ ದಾರಿ ಅಗಲವಿದ್ದೂ ಖಾಲಿ ಹೊಡೆಯುತ್ತಿತ್ತು.

ಇಷ್ಟೆಲ್ಲ ಹೊಸದರ ಹೊಟ್ಟೆಯಲ್ಲಿ ಅವರು ಕೂರಿಸಿದ್ದು ಹಳೆಯ ಸ್ಕಸಿ ಭಾಷೆಯನ್ನೇ. ಸರ್ವರು ಆರು ಮೀಟರಿನ ಕೇಬಲ್ಲಿನ ಆಚೆಗೆ ಕೂಗುತ್ತಿದ್ದೇನೆಂದುಕೊಂಡು ‘ಇಷ್ಟು ಬ್ಲಾಕು ಓದು’ ಎನ್ನುತ್ತಿತ್ತು. ಅದರ ಕೂಗು ಹತ್ತು ಕಿಲೋಮೀಟರು ದಾಟಿ ಹೋಗಿ ಮರುಮಾತು ತರುತ್ತಿತ್ತು.

ಜರತಾರಿ ನೇಯ್ದವರು

ದಾರಿ ಆಯಿತು, ಕೂಡುರಸ್ತೆ ಬೇಕಿತ್ತು. ಮೊದಮೊದಲು ಹೆಚ್ಚು ಜನ ಹಿಡಿದದ್ದು ಲೂಪ್ ಎಂಬ ಅಗ್ಗದ ಹಾದಿ: 126 ಉಪಕರಣಗಳವರೆಗೆ ಒಂದೇ ಉಂಗುರದಲ್ಲಿ ಕೈಕೈ ಹಿಡಿದು, ಸರದಿಯ ಮೇಲೆ ಮಾತಾಡುವ ಪದ್ಧತಿ. ಹೊಸಬರೊಬ್ಬರು ಉಂಗುರ ಹೊಕ್ಕರೆ ಎಲ್ಲರೂ ಮಾತು ನಿಲ್ಲಿಸಿ ಮತ್ತೆ ವಿಳಾಸ ಹಂಚಿಕೊಳ್ಳಬೇಕು. ಪಂಕ್ತಿಗೆ ಹೊಸಬರು ಬಂದಾಗಲೆಲ್ಲ ಉಣ್ಣುತ್ತಿದ್ದವರು ಎದ್ದು ನಿಂತಂತೆ. ಇದಕ್ಕೆ ಪ್ರತಿಯಾಗಿ ನಿಂತ ಪಂಥ ಫ್ಯಾಬ್ರಿಕ್, ಅಂದರೆ ಬಟ್ಟೆ. ಎಳೆಗಳೆಲ್ಲ ಸ್ವಿಚ್ ಎಂಬ ಮಗ್ಗದಲ್ಲಿ ಸೇರಿ, ಇಬ್ಬರ ಮಾತಿಗೆ ಮೂರನೆಯವರು ಅಡ್ಡ ಬಾರದ ಹೆಣಿಗೆ.

ಆ ಹೆಣಿಗೆಯ ಮುಖ್ಯ ನೇಕಾರರಲ್ಲೊಬ್ಬರ ಹೆಸರು ಕನ್ನಡಿಗರ ಕಿವಿಗೆ ಹೊಸದಲ್ಲ: ಕುಮಾರ್ ಮಳವಳ್ಳಿ. ಮಂಡ್ಯ ಸೀಮೆಯ ಊರನ್ನು ಹೆಸರಿನಲ್ಲೇ ಹೊತ್ತು, ಮೈಸೂರು ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪದವಿ ಪಡೆದು, ಕೆನಡಾದಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಫೈಬರ್ ಚಾನೆಲ್ ಕೆಲಸದಲ್ಲಿ ತೊಡಗಿದ್ದವರು. ಮಾನಕ ಸಮಿತಿಯ ಅಧ್ಯಕ್ಷತೆಯನ್ನೂ ವಹಿಸಿದ್ದ ಅವರು 1995ರಲ್ಲಿ ಸೇಥ್ ನೈಮನ್ ಮತ್ತು ಪಾಲ್ ಬಾಂಡರ್ಸನ್ ಜೊತೆಗೂಡಿ ಕ್ಯಾಲಿಫೋರ್ನಿಯಾದಲ್ಲಿ ಬ್ರೊಕೇಡ್ ಕಂಪನಿ ಸ್ಥಾಪಿಸಿದರು. ಬ್ರೊಕೇಡ್ ಎಂದರೆ ಜರತಾರಿ ಬಟ್ಟೆ. 1997ರಲ್ಲಿ ಮಾರುಕಟ್ಟೆಗೆ ಬಂದ ಅವರ ಸ್ವಿಚ್ಚಿನ ಹೆಸರು ಸಿಲ್ಕ್‌ವರ್ಮ್, ಅಂದರೆ ರೇಷ್ಮೆ ಹುಳು. ಮನೆಮನೆಯಲ್ಲಿ ತಟ್ಟೆಗಟ್ಟಲೆ ಹುಳು ಸಾಕಿದ ಸೀಮೆಯ ಓದುಗರು ಇಲ್ಲಿ ಒಂದು ಗಳಿಗೆ ನಿಂತು ಮುಗುಳ್ನಕ್ಕರೆ ತಪ್ಪಲ್ಲ.

ಬ್ರೊಕೇಡ್ ಎಂಜಿನಿಯರುಗಳು ಎದುರಿಸಿದ ಪ್ರಶ್ನೆ ಆಡಳಿತದ್ದು. ಹತ್ತಾರು ಸ್ವಿಚ್ಚುಗಳನ್ನು ಜೋಡಿಸಿದರೆ ವಿಳಾಸ ಹಂಚುವವರಾರು? ದಾರಿ ತೋರುವವರಾರು? ಸ್ವಿಚ್ಚುಗಳು ತಮ್ಮೊಳಗೇ ಚುನಾವಣೆ ನಡೆಸಿ ಒಂದನ್ನು ಮುಖ್ಯಸ್ಥನನ್ನಾಗಿ ಆರಿಸಿಕೊಳ್ಳುತ್ತವೆ. ಮುಖ್ಯಸ್ಥ ಉಳಿದವಕ್ಕೆ ಒಂದೊಂದು ಸಂಖ್ಯೆ ಕೊಡುತ್ತದೆ. ಬಳಿಕ ಪ್ರತಿ ಸ್ವಿಚ್ಚೂ ಅಕ್ಕಪಕ್ಕದ ದಾರಿಗಳ ಸುದ್ದಿ ಹಂಚಿಕೊಂಡು ಇಡೀ ಬಟ್ಟೆಯ ನಕ್ಷೆಯನ್ನು ತಾನೇ ಬರೆದುಕೊಂಡು, ಎಲ್ಲಕ್ಕಿಂತ ಹತ್ತಿರದ ಹಾದಿ ಹಿಡಿಯುತ್ತದೆ. ಎಳೆಯೊಂದು ಕಡಿದರೆ ನಕ್ಷೆ ತಿದ್ದಿಕೊಂಡು ಬಳಸುದಾರಿಯಲ್ಲಿ ಸಾಗುತ್ತದೆ. ಬ್ರೊಕೇಡ್ ರೂಪಿಸಿದ ಈ ದಾರಿಗಣಿತವನ್ನು ಮಾನಕ ಸಮಿತಿ ಎಲ್ಲರದನ್ನಾಗಿ ಒಪ್ಪಿಕೊಂಡಿತು. 1999ರ ಮೇ ತಿಂಗಳಲ್ಲಿ ಕಂಪನಿ ಷೇರು ಪೇಟೆಗಿಳಿದಾಗ ಡಾಟ್‌ಕಾಂ ಸಂಭ್ರಮದ ಹುಚ್ಚುಹೊಳೆ ಅದನ್ನೂ ಎತ್ತಿಕೊಂಡು ಹೋಯಿತು.

ಹದ್ದುಬಸ್ತು

ಕಣಜ ಒಟ್ಟಾದ ಮೇಲೆ ಏಳುವ ಜಗಳ ಎಲ್ಲ ಒಟ್ಟು ಕುಟುಂಬಗಳಲ್ಲೂ ಒಂದೇ. ಮೂರನೆಯ ಮಾತು ‘ಅದು ನನ್ನೊಬ್ಬನದೇ’ ಎಂಬುದು, ಇಲ್ಲಿ ಅಪಾಯವಾಗಿ ಕಾಡಿತು. ಸರ್ವರುಗಳು ಒಂಟಿ ಸಾಕಿದ ಮಕ್ಕಳು; ಹಂಚಿ ತಿಂದು ಗೊತ್ತಿಲ್ಲ. ಆ ಕಾಲದ ವಿಂಡೋಸ್ ಎನ್‌ಟಿಗಂತೂ ಕಣ್ಣಿಗೆ ಬಿದ್ದ ಡಿಸ್ಕೆಲ್ಲ ತನ್ನದೇ ಎಂಬ ಭಾವ. ಒಂದು ಯುನಿಕ್ಸ್ ಸರ್ವರು ವರ್ಷಗಟ್ಟಲೆ ಬರೆದಿಟ್ಟ ಡಿಸ್ಕಿನ ಮೇಲೆ ಎನ್‌ಟಿ ಸರ್ವರು ತನ್ನ ಮುದ್ರೆಯೊತ್ತಿದರೆ ಯುನಿಕ್ಸಿನ ಬರಹ ಹಾಳು.

ಇದಕ್ಕೆ ಎರಡು ಹದ್ದುಬಸ್ತು ಏರ್ಪಟ್ಟವು. ಮೊದಲನೆಯದು ಸ್ವಿಚ್ಚಿನಲ್ಲಿ, ಜೋನಿಂಗ್: ಯಾವ ಸರ್ವರಿಗೆ ಯಾವ ಬೀರುವಿನ ಬಾಗಿಲು ಕಾಣಬೇಕೆಂಬ ಕಟ್ಟು. ಎರಡನೆಯದು ಬೀರುವಿನಲ್ಲಿ, ಮಾಸ್ಕಿಂಗ್: ಬಾಗಿಲು ಹೊಕ್ಕವರಿಗೂ ಅವರ ಪಾಲಿನ ಖಾನೆ ಮಾತ್ರ ತೋರಿಸಿ ಉಳಿದದ್ದಕ್ಕೆ ಮುಸುಕು. ಖಾನೆಗೆ ಈ ಕಸುಬಿನವರು ಲನ್ ಎನ್ನುತ್ತಾರೆ. ಸರ್ವರನ್ನು ಜಾಲಕ್ಕೆ ಸೇರಿಸುವ ಪ್ರತಿ ಕಾರ್ಡಿಗೂ ತಯಾರಕರು ಕೊಟ್ಟ 64 ಬಿಟ್ಟಿನ ವಿಶ್ವನಾಮ ಇರುತ್ತಿತ್ತು. ಆ ಹೆಸರಿನ ಮುಂದೆ ಈ ಲನ್ ಎಂದು ಬರೆದುಕೊಂಡರೆ ಪಹಣಿ ತಯಾರು. ಎಲ್ಲರದೂ ಆದ ಕಣಜದಲ್ಲಿ ಪ್ರತಿಯೊಬ್ಬರೂ ತಮ್ಮದನ್ನಷ್ಟೇ ಕಂಡು ‘ಇಷ್ಟೇ ಲೋಕ’ ಎಂದುಕೊಂಡು ಸುಖವಾಗಿದ್ದರು.

ಈ ಪಹಣಿಯ ಮೇಲೆಯೇ ಆ ಯುಗದ ದೀರ್ಘ ವ್ಯಾಜ್ಯವೊಂದು ನಡೆಯಿತು. ಟೆಕ್ಸಾಸಿನ ಆಸ್ಟಿನ್ ನಗರದ ಕ್ರಾಸ್‌ರೋಡ್ಸ್ ಸಿಸ್ಟಮ್ಸ್ ಕಂಪನಿಯ ಜೆಫ್ರಿ ಹೋಸ್ ಮತ್ತು ಜೆಫ್ರಿ ರಸೆಲ್, 1997ರ ಡಿಸೆಂಬರ್ 31ರಂದು ಒಂದು ಪೇಟೆಂಟ್ ಅರ್ಜಿ ಸಲ್ಲಿಸಿದರು. ಒಂದು ಕಡೆ ಫೈಬರ್ ಚಾನೆಲ್, ಇನ್ನೊಂದು ಕಡೆ ಹಳೆಯ ಸ್ಕಸಿ ಡಿಸ್ಕುಗಳು. ನಡುವೆ ಕುಳಿತು ಎರಡೂ ಕಡೆಯ ಮಾತು ತಿರುಗಿಸುವ ರೌಟರು. ಯಾರಿಗೆ ಯಾವ ಡಿಸ್ಕು ಎಂಬ ನಕ್ಷೆಯನ್ನು ಅದೇ ಇಟ್ಟುಕೊಂಡು, ದೂರದ ಡಿಸ್ಕನ್ನು ಸ್ವಂತದ ಡಿಸ್ಕಿನಂತೆ ತೋರಿಸುತ್ತದೆ. 1999ರ ಆಗಸ್ಟಿನಲ್ಲಿ ಸಿಕ್ಕ ಆ ಪೇಟೆಂಟಿನ ಶೀರ್ಷಿಕೆಯಲ್ಲೇ ‘ವರ್ಚುಯಲ್ ಲೋಕಲ್ ಸ್ಟೋರೇಜ್’ ಎಂಬ ಮಾತಿತ್ತು. ಇದ್ದೂ ಇಲ್ಲದ, ಸಮೀಪವಲ್ಲದ ಸಮೀಪ. ಯುಗದ ಗುಟ್ಟನ್ನು ಸರ್ಕಾರಿ ಕಾಗದದಲ್ಲಿ ಬಾಯಿಬಿಟ್ಟು ಹೇಳಿದಂತಿತ್ತು.

ಕ್ರಾಸ್‌ರೋಡ್ಸ್ ತನ್ನ ಹಕ್ಕಿನ ಪತ್ರ ಹಿಡಿದು ಚಾಪರಲ್ ಎಂಬ ಪ್ರತಿಸ್ಪರ್ಧಿಯನ್ನು ಕಟಕಟೆಗೆ ಎಳೆಯಿತು. 2001ರಲ್ಲಿ ಜ್ಯೂರಿ ಕ್ರಾಸ್‌ರೋಡ್ಸ್ ಪರವಾಗಿ ತೀರ್ಪಿತ್ತಿತು. ಆಮೇಲೆ ಹತ್ತಾರು ಕಂಪನಿಗಳು ದಾವೆಯಾಚೆ ನಿಂತು ರಾಯಧನ ತೆತ್ತವು. ಆದರೆ 2016ರಲ್ಲಿ ಅಮೆರಿಕದ ಪೇಟೆಂಟ್ ಮಂಡಳಿ ಅದೇ ವಂಶದ ಮುಂದಿನ ಪೇಟೆಂಟುಗಳ ಹಕ್ಕುಗಳನ್ನು ಪರಿಶೀಲಿಸಿ, ಅವು ಊರ್ಜಿತವಲ್ಲ ಎಂದಿತು. 2017ರಲ್ಲಿ ಕಂಪನಿ ದಿವಾಳಿ ರಕ್ಷಣೆ ಕೋರಿತು. ಎಲ್ಲರ ಪಾಲಿಗೂ ಗಡಿ ಬರೆದುಕೊಟ್ಟವರು ತಮ್ಮ ಗಡಿಯನ್ನು ಉಳಿಸಿಕೊಳ್ಳಲಾಗಲಿಲ್ಲ.

ಪಂಕ್ತಿಗೆ ಕೂತಷ್ಟೇ ಎಲೆ

ನಾಲ್ಕನೆಯ ಮಾತು, ‘ಹೇಳಿಕೊಂಡಷ್ಟು ಜಾಗ ನಿಜಕ್ಕೂ ಇದೆ’ ಎಂಬುದು. ಇದು ಕೊನೆಗೆ ಬಿತ್ತು.

ಡಿಸ್ಕು ಕೇಳುವವರ ಸ್ವಭಾವ ಎಲ್ಲೆಡೆ ಒಂದೇ: ನೂರು ಬೇಕಿದ್ದರೆ ಐನೂರು ಕೇಳುವುದು. ನಾಳೆ ಮತ್ತೆ ಅರ್ಜಿ ಹಾಕುವ ರಗಳೆ ಯಾರಿಗೆ ಬೇಕು? ಹೀಗೆ ಪಾಲಾದ ಜಾಗದಲ್ಲಿ ಬಹುಪಾಲು ಬರೀ ಕಾದು ಕುಳಿತಿರುತ್ತಿತ್ತು. 1999ರಲ್ಲಿ ಜೆಫ್ರಿ ಪ್ರೈಸ್, ಅಶೋಕ್ ಸಿಂಘಲ್, ರಾಬರ್ಟ್ ರೋಜರ್ಸ್ ಮೂವರು ತಮ್ಮ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ 3ಪಾರ್ ಎಂಬ ಕಂಪನಿ ಕಟ್ಟಿದರು. ಅವರು ಪ್ರಸಿದ್ಧಿಗೆ ತಂದ ಥಿನ್ ಪ್ರಾವಿಷನಿಂಗ್ ನಮ್ಮ ಮದುವೆ ಮನೆಯ ಅಡುಗೆಯವರಿಗೆ ಹೊಸ ವಿದ್ಯೆಯಲ್ಲ. ಸಾವಿರ ಜನಕ್ಕೆ ಲಗ್ನಪತ್ರಿಕೆ ಹೋಗಿದೆಯೆಂದು ಸಾವಿರ ಎಲೆ ಒಮ್ಮೆಗೇ ಹಾಸುವುದಿಲ್ಲ. ಪಂಕ್ತಿಗೆ ಕೂತಷ್ಟೇ ಎಲೆ. ಸರ್ವರಿಗೆ ಐನೂರು ಗಿಗಾಬೈಟ್ ಎಂದು ತೋರಿಸಿದರೂ, ಅದು ಬರೆದ ಗಳಿಗೆಯಲ್ಲಿ ಬರೆದಷ್ಟೇ ಜಾಗವನ್ನು ಸಾಮಾನ್ಯ ನಿಧಿಯಿಂದ ಕೊಡುವುದು. ಎಲ್ಲರೂ ಒಂದೇ ಪಂಕ್ತಿಗೆ ನುಗ್ಗಿದರೆ ಎಲೆ ಸಾಲದೆಂಬ ಭಯ ಇದ್ದೇ ಇತ್ತು. ನಿಧಿಯ ಮಟ್ಟವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು ಸ್ಟೋರೇಜ್ ಅಡ್ಮಿನ್ನುಗಳ ಹೊಸ ವ್ರತವಾಯಿತು. 2010ರಲ್ಲಿ ಈ ಕಂಪನಿಗಾಗಿ ಡೆಲ್ ಮತ್ತು ಹ್ಯೂಲೆಟ್ ಪ್ಯಾಕರ್ಡ್ ನಡುವೆ ಹರಾಜೇ ನಡೆಯಿತು. ಷೇರಿಗೆ 18 ಡಾಲರಿನಿಂದ ಶುರುವಾದ ಕೂಗು 33 ಡಾಲರಿಗೆ ನಿಂತಾಗ ಹ್ಯೂಲೆಟ್ ಪ್ಯಾಕರ್ಡ್ ತೆತ್ತದ್ದು ಸುಮಾರು 235 ಕೋಟಿ ಡಾಲರ್.

ಇದೇ ಕಾಲದಲ್ಲಿ ಬೀರುವೇ ಬದಲಾದರೂ ಸರ್ವರಿಗೆ ತಿಳಿಯದ ಹಾಗೆ ಮಾಡಿದವರೂ ಇದ್ದರು. 2003ರಲ್ಲಿ ಐಬಿಎಂ ಹೊರತಂದ ಸ್ಯಾನ್ ವಾಲ್ಯೂಮ್ ಕಂಟ್ರೋಲರ್, ಹಲವು ಕಂಪನಿಗಳ ಬೀರುಗಳ ಮುಂದೆ ನಿಂತು, ಹಳೆಯ ಬೀರುವಿನ ಸರಕನ್ನು ಹೊಸದಕ್ಕೆ ಹಗಲು ಹೊತ್ತಿನಲ್ಲೇ ಸಾಗಿಸುತ್ತಿತ್ತು. ಸರ್ವರು ತನ್ನ ಪಾಡಿಗೆ ಓದಿ ಬರೆಯುತ್ತಲೇ ಇರುತ್ತಿತ್ತು. ಇಎಂಸಿ 1994ರಲ್ಲೇ ತಂದಿದ್ದ ದೂರದ ನಕಲಿನ ವಿದ್ಯೆಯೂ ಈ ಕಾಲದಲ್ಲಿ ಪಕ್ವವಾಯಿತು. ಇಲ್ಲಿ ಬರೆದ ಬ್ಲಾಕು ಇನ್ನೊಂದೂರಿನ ಬೀರುವಿನಲ್ಲೂ ಬರೆಯಲ್ಪಟ್ಟ ಮೇಲಷ್ಟೇ ‘ಆಯಿತು’ ಎಂಬ ಉತ್ತರ. ಊರು ನೂರು ಕಿಲೋಮೀಟರು ದೂರವಿದ್ದರೆ ಪ್ರತಿ ‘ಆಯಿತು’ಗೂ ಬೆಳಕು ಕೇಳುವ ಕೂಲಿ ಒಂದು ಮಿಲಿಸೆಕೆಂಡು. 2001ರ ಸೆಪ್ಟೆಂಬರ್ 11ರ ನಂತರ ನ್ಯೂಯಾರ್ಕಿನ ಹಣಕಾಸು ಮಂದಿ ಆ ಕೂಲಿಯನ್ನು ದುಬಾರಿ ಎನ್ನಲಿಲ್ಲ.

ಈ ಪರದೆಯ ಹಿಂದಿನ ಕೆಲಸದಲ್ಲಿ ಬೆಂಗಳೂರಿನದೂ ಪಾಲಿತ್ತು. ಇಎಂಸಿ, ನೆಟ್‌ಆ್ಯಪ್, ಬ್ರೊಕೇಡ್ ಮೂರೂ ಅಲ್ಲಿ ಎಂಜಿನಿಯರಿಂಗ್ ಕೇಂದ್ರ ತೆರೆದವು. ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿ ಕಚೇರಿ ಮುಟ್ಟಿದವರು, ಒಂದು ಪೊಟ್ಟಣವೂ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳದ ಜಾಲಕ್ಕೆ ಸಾಫ್ಟ್‌ವೇರ್ ಬರೆದರು.

ಇಳಿಹೊತ್ತು

ತುತ್ತತುದಿ ಮುಟ್ಟಿದ ಹೊತ್ತಿನಲ್ಲೇ ಇಳಿಜಾರೂ ಶುರುವಾಗಿತ್ತು. ಫೈಬರ್ ಚಾನೆಲ್ಲಿನ ಎಳೆಗೆ, ಕಾರ್ಡಿಗೆ, ಸ್ವಿಚ್ಚಿಗೆ ಬೇರೆಯದೇ ಬೆಲೆ, ಬೇರೆಯದೇ ಪಾಂಡಿತ್ಯ. ಐಬಿಎಂನ ಹೈಫಾ ಪ್ರಯೋಗಾಲಯದ ಜೂಲಿಯನ್ ಸತ್ರಾನ್ ಮತ್ತು ಸಂಗಡಿಗರು ಅದೇ ಸ್ಕಸಿ ಭಾಷೆಯನ್ನು ಇಂಟರ್ನೆಟ್ಟಿನ ಸಾಮಾನ್ಯ ದಾರಿಯಲ್ಲೇ ಕಳಿಸುವ ಐಸ್ಕಸಿ ರೂಪಿಸಿದರು. 2004ರಲ್ಲಿ ಅದು ಮಾನಕವಾಯಿತು. ಸಿಸ್ಕೊ ಕಂಪನಿ ಒಂದೇ ಬಟ್ಟೆಯನ್ನು ಹಲವು ಬಟ್ಟೆಗಳಂತೆ ತೋರಿಸುವ ವಿಸ್ಯಾನ್ ತಂದು ಬ್ರೊಕೇಡಿನ ಎದುರು ಮಗ್ಗ ಹೂಡಿತು. ಇವೆಲ್ಲ ದಾಯಾದಿ ಜಗಳಗಳು. ಯಾರೂ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ.

ಬಿಟ್ಟುಕೊಟ್ಟವರು ಹೊರಗಿನವರು. 2003ರ ಅಕ್ಟೋಬರಿನಲ್ಲಿ ಗೂಗಲ್ ಎಂಜಿನಿಯರುಗಳು ತಮ್ಮ ಫೈಲ್ ಸಿಸ್ಟಂ ಕುರಿತು ಪ್ರಬಂಧ ಪ್ರಕಟಿಸಿದರು. ಸಾವಿರಾರು ಅಗ್ಗದ ಯಂತ್ರಗಳು, ಒಂದೊಂದರಲ್ಲೂ ಅದರದೇ ಅಗ್ಗದ ಡಿಸ್ಕು. 64 ಮೆಗಾಬೈಟಿನ ತುಂಡುಗಳಾಗಿ ಮಾಹಿತಿ, ಒಂದೊಂದಕ್ಕೂ ಬೇರೆ ಬೇರೆ ಯಂತ್ರಗಳಲ್ಲಿ ಮೂರು ನಕಲು. ಡಿಸ್ಕು ಕೆಡುತ್ತದೆ, ದೂರದಲ್ಲಿರುತ್ತದೆ, ಹಲವರದಾಗಿರುತ್ತದೆ ಎಂದು ಸಾಫ್ಟ್‌ವೇರಿಗೇ ಮೊದಲ ದಿನದಿಂದ ತಿಳಿಸಿ ಬೆಳೆಸಿದರು. ಸತ್ಯ ಗೊತ್ತಿದ್ದ ಮಕ್ಕಳಿಗೆ ಪರದೆ ಬೇಕಿರಲಿಲ್ಲ. ಜರತಾರಿ ಬಟ್ಟೆಯೂ ಬೇಕಿರಲಿಲ್ಲ.

ಇತ್ತ ತಿರುಗುವ ತಟ್ಟೆಗಳ ಜಾಗಕ್ಕೆ ಚಲನೆಯೇ ಇಲ್ಲದ ಫ್ಲ್ಯಾಶ್ ಬಂತು. ತಟ್ಟೆಗಳ ಕಾಲಕ್ಕೆ ಹೊಲಿದ ಸ್ಕಸಿ ಮಾತು ಫ್ಲ್ಯಾಶಿನ ವೇಗಕ್ಕೆ ಬಿಗಿಯಾಯಿತು. ಅದಕ್ಕೆಂದೇ ಎನ್‌ವಿಎಂಇ ಎಂಬ ಹೊಸ ಭಾಷೆ 2011ರಲ್ಲಿ ಹುಟ್ಟಿ, 2016ರಲ್ಲಿ ಜಾಲಗಳ ಮೇಲೂ ಓಡತೊಡಗಿತು. ಅದೇ ವರ್ಷ ಇಎಂಸಿಯನ್ನು ಡೆಲ್ ಕೊಂಡಿತು. ಮರುವರ್ಷ ಬ್ರೊಕೇಡನ್ನು ಬ್ರಾಡ್‌ಕಾಂ ಕೊಂಡಿತು. ಬ್ಯಾಂಕುಗಳ, ಆಸ್ಪತ್ರೆಗಳ, ವಿಮಾನ ಕಂಪನಿಗಳ ನೆಲದಡಿಯಲ್ಲಿ ಫೈಬರ್ ಚಾನೆಲ್ ಎಳೆಗಳು ಇಂದಿಗೂ ಮಿನುಗುತ್ತವೆ. ಆದರೆ ಹೊಸ ಊರುಗಳನ್ನು ಕಟ್ಟುವವರು ಆ ನಕ್ಷೆಯನ್ನು ಬಿಡಿಸುವುದು ವಿರಳವಾಯಿತು.

ಹಾಗಾದರೆ ಆ ಗುಟ್ಟು ಸತ್ತಿತೆ? 2008ರ ಆಗಸ್ಟಿನಲ್ಲಿ ಅಮೆಜಾನ್ ತನ್ನ ಕ್ಲೌಡಿನಲ್ಲಿ ಇಬಿಎಸ್ ಎಂಬ ಸೇವೆ ತೆರೆಯಿತು. ಅಲ್ಲಿ ಬಾಡಿಗೆಗೆ ಪಡೆದ ಗಣಕವೂ ನಿಜವಲ್ಲ. ದೊಡ್ಡ ಯಂತ್ರವೊಂದರೊಳಗೆ ಕಲ್ಪಿಸಿದ ಗಣಕ. ಅದಕ್ಕೆ ಕೊಡುವ ಡಿಸ್ಕು ಜಾಲದಾಚೆ ಎಲ್ಲೋ ನಕಲುಗಳಾಗಿ ಚದುರಿದೆ. ಆದರೂ ಆ ಕಲ್ಪಿತ ಗಣಕ ಕಣ್ಣು ಬಿಟ್ಟ ಗಳಿಗೆಯಲ್ಲಿ ಮೊದಲು ಮಾಡುವ ಕೆಲಸ ತನ್ನ ಡಿಸ್ಕಿಗಾಗಿ ಕೈಚಾಚುವುದು. ಕೈಗೆ ಡಿಸ್ಕು ಸಿಕ್ಕುತ್ತದೆ. ಒಂದೇ, ಗಟ್ಟಿ, ಪಕ್ಕದಲ್ಲೇ, ತನ್ನೊಬ್ಬನದೇ. ಜಾನ್ಸನ್ ಅವರ ಪೆಟ್ಟಿಗೆಯ ಮುಂದೆ ರಾಮ್ಯಾಕ್ ನಂಬಿದ್ದನ್ನೇ ಅದೂ ನಂಬಿ, ಮೊದಲ ಬ್ಲಾಕು ಓದಲು ತೊಡಗುತ್ತದೆ.